ಮೊಳೆಯದ ಐವತ್ತೊಂಬತ್ತು

ತಿಪ್ಪೇರುದ್ರಸ್ವಾಮಿ ಒದ್ದೆ ಗೋಣಿತಾಟನ್ನು ಸಭೆಯ ಮೇಜಿನ ಮೇಲೆ ಬಿಚ್ಚಿದ. ರೈತರ ಸಹಕಾರ ಸಂಘದ ಬಿತ್ತನೆ ಶೇಂಗಾದಲ್ಲಿ ನೂರು ಕಾಳು ಎಣಿಸಿ, ಆರು ದಿನದ ಹಿಂದೆ ಅದರಲ್ಲಿ ಸುತ್ತಿಟ್ಟಿದ್ದ. ನಲವತ್ತೊಂದು ಮೊಳಕೆ ಬಿಟ್ಟಿದ್ದವು. ಉಳಿದವು ಸಿಪ್ಪೆ ಕಪ್ಪಿಟ್ಟು ಹಾಗೇ ಬಿದ್ದಿದ್ದವು.

"ಎಪ್ಪತ್ತಾದ್ರೂ ಬರಬೇಕಿತ್ರಿ. ಎರಡು ಸಲ ಇಟ್ಟು ನೋಡೀನಿ" ಎಂದ.

ಜಗಳೂರಿನ ಸುತ್ತ ಮೊನ್ನೆಯಷ್ಟೇ ಹದವಾದ ಮಳೆ ಬಿದ್ದಿತ್ತು. ನಾಳೆ ಮೂವತ್ತು ಹಳ್ಳಿಯ ಗಾಡಿಗಳು ಬೀಜಕ್ಕೆ ಬರುತ್ತವೆ. ಈ ಕಾಳು ಹೊಲಕ್ಕೆ ಬಿದ್ದರೆ ವಾರದವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಹದ ಆರಿರುತ್ತದೆ. ಪರೀಕ್ಷೆಯ ವರದಿಗೆ ಕಾರ್ಯದರ್ಶಿ ರುಜು ಹಾಕದೆ ಬೀಜ ಹಂಚುವಂತಿಲ್ಲ. ಆ ಕಾರ್ಯದರ್ಶಿ ಇವನೇ, ಇನ್ನೂ ಕಾಯಂ ಆಗದವನು.

ಬೀಜ ಬಂದದ್ದು ಅಧ್ಯಕ್ಷ ಮರುಳಪ್ಪನವರ ಅಳಿಯನ ಗೋದಾಮಿನಿಂದ. ಚೀಲಗಳ ಮೇಲೆ ಸಂಘದ ಹೆಸರಿಗಿಂತ ದೊಡ್ಡದಾಗಿ ಅಧ್ಯಕ್ಷರ ಹೆಸರೇ ಅಚ್ಚಾಗಿತ್ತು. ಬಿ.ಎಸ್ಸಿ. ಓದಿದವರಿಗೆ ಗೋಣಿತಾಟಿನ ಮೇಲಿರುವ ನಂಬಿಕೆ ಭೂಮಿತಾಯಿಯ ಮೇಲಿಲ್ಲವೆಂದು ಅವರು ನಕ್ಕರು. ಮೊಳೆಯದ ಕಾಳುಗಳನ್ನು ತಟ್ಟೆಗೆ ಬಳಿದುಕೊಂಡು, ಒಂದನ್ನು ಬಾಯಿಗೆ ಎಸೆದುಕೊಂಡರು.

"ನೀರು ಜಾಸ್ತಿ ಕುಡಿದಾವೆ, ಅಷ್ಟೆ. ತಿಂದು ನೋಡ್ರಿ, ನೀವೇ ಹೇಳ್ರಿ."

ತಟ್ಟೆ ನಿರ್ದೇಶಕರ ಮುಂದೆ ಸುತ್ತಿತು. ತಿಪ್ಪೇರುದ್ರಸ್ವಾಮಿಯ ಮುಂದೆ ಬರಲಿಲ್ಲ, ನೌಕರನಿಗೆ ಮತವಿಲ್ಲ. ಒಬ್ಬೊಬ್ಬರೂ ಒಂದೊಂದು ಕಾಳು ತೆಗೆದುಕೊಂಡು ಅಗಿದರು. ಅವರಲ್ಲೊಬ್ಬನಾದ ಓಬಣ್ಣನ ಮುಖ ಕಿವುಚಿಕೊಂಡಿತು, ಕಣ್ಣಲ್ಲಿ ನೀರಾಡಿತು. ಕಿಟಕಿ ಕೈಯಳತೆಯಲ್ಲೇ ಇತ್ತು. ಯಾರೂ ಉಗುಳಲಿಲ್ಲ.

"ಹೆಂಗೈತೆ ಓಬಣ್ಣ?" ಅಧ್ಯಕ್ಷರು ಕೇಳಿದರು.

ಓಬಣ್ಣ ನುಂಗಿದ. "ಚಲೋ ಐತ್ರಿ."

ಸರ್ವಾನುಮತ ಎಂದು ಬರೆದುಕೊಳ್ಳಲು ಹೇಳಿ, ರುಜು ಹಾಕಿದ ವರದಿಯನ್ನು ಸಂಜೆಯೊಳಗೆ ಮನೆಗೆ ಮುಟ್ಟಿಸಬೇಕೆಂದು ಅಧ್ಯಕ್ಷರು ಎದ್ದರು. ಕಾಯಂ ಮಾಡುವ ವಿಷಯ ಮುಂದಿನ ಸಭೆಗಿದೆ ಎಂಬುದನ್ನೂ ಬಾಗಿಲಲ್ಲಿ ನೆನಪಿಸಿದರು. ಉಳಿದವರು ಠರಾವಿಗೆ ಸಹಿ ಹಾಕಿ ಅವರ ಹಿಂದೆ ನಡೆದರು.

ಪ್ರತಿ ಸಭೆಯಲ್ಲೂ ಕೊನೆಗೆ ಹೆಬ್ಬೆಟ್ಟು ಒತ್ತುವವಳು ಹೊನ್ನೂರಮ್ಮ, ಸಂಘದ ಒಬ್ಬಳೇ ಮಹಿಳಾ ನಿರ್ದೇಶಕಿ. ಮಸಿಗೆ ಒಯ್ದ ಬೆರಳನ್ನು ಹಿಂದಕ್ಕೆಳೆದುಕೊಂಡು ಬಗ್ಗಿದಳು. ಅಧ್ಯಕ್ಷರ ಕುರ್ಚಿಯ ಕೆಳಗಿನಿಂದ ಒಂದು ಕಾಳು ಹೆಕ್ಕಿದಳು. ಕಪ್ಪಿಟ್ಟ ಇಡೀ ಕಾಳು. ಹಲ್ಲಿನ ಗುರುತೂ ಇರಲಿಲ್ಲ.

ಠರಾವು ಪುಸ್ತಕದಲ್ಲಿ ತನ್ನ ಹೆಬ್ಬೆಟ್ಟಿನ ಜಾಗದಲ್ಲಿ ಅದನ್ನಿಟ್ಟಳು.

"ನಂದು ಹೊಟ್ಟೆಗೆ ಹೋತಪ್ಪ" ಎಂದಳು. "ಇದು ಅವ್ರದು."

ಹೊರಗೆ, ನಾಳೆ ಸರದಿ ತಪ್ಪಬಾರದೆಂದು ಈಗಲೇ ಬಂದ ಮೊದಲ ಗಾಡಿಯವನು ಎತ್ತು ಬಿಚ್ಚುತ್ತಿದ್ದ. ತಿಪ್ಪೇರುದ್ರಸ್ವಾಮಿ ವರದಿಗೆ ರುಜು ಮಾಡದೆ ಪೆನ್ನಿಗೆ ಮುಚ್ಚಳ ಹಾಕಿದ. ತಟ್ಟೆಯಲ್ಲಿ ಉಳಿದ ಕಾಳುಗಳನ್ನು ಗೋಣಿತಾಟಿಗೆ ಸುರಿದು, ಅದನ್ನು ಎತ್ತಿಕೊಂಡು ಗಾಡಿಯ ಕಡೆ ಹೊರಟ. ಬಾಗಿಲಿನವರೆಗೂ ನೀರು ತೊಟ್ಟಿಕ್ಕುತ್ತಾ ಹೋಯಿತು.