ಹುಳುಮನೆಗೆ ಬಂದ ಕರಿಯ

ಈಗಲೂ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಿದ್ದರೆ ನನ್ನ ಕೈ ತಾನಾಗಿ ಮಡಿಲು ತಡವುತ್ತದೆ.

ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ಆಗ ರೇಷ್ಮೆಹುಳು ಸಾಕುತ್ತಿದ್ದರು. ಹುಳುಮನೆ ಎಂದು ಕರೆಯುತ್ತಿದ್ದ ಆ ಕೋಣೆಗೆ, ಹುಳುಗಳಿಗೆ ರೋಗ ತಗಲೀತೆಂದು, ಕಾಲು ತೊಳೆಯದೆ ಯಾರೂ ಹೋಗುವಂತಿರಲಿಲ್ಲ. ನನ್ನ ನಾಯಿಮರಿ ಕರಿಯ ಅದರ ಹೊಸ್ತಿಲಿಗೆ ಮೂಗು ತಾಗಿಸಿದರೂ ಸಾಕು, ಅಜ್ಜಿ ಪೊರಕೆ ಎತ್ತುತ್ತಿದ್ದಳು.

ಒಂದು ಮಧ್ಯಾಹ್ನ ಹಸು ನೋಡಲು ಬಂದಿದ್ದ ದನದ ಡಾಕ್ಟರು, ನನ್ನ ಮಡಿಲಲ್ಲಿ ನಡುಗುತ್ತಿದ್ದ ಕರಿಯನ ಕಣ್ಣು ಬಿಡಿಸಿ ನೋಡಿದರು, ಹೊಟ್ಟೆ ಒತ್ತಿದರು.

"ಏನಾಗೈತೆ ಡಾಕ್ಟ್ರೇ?" ಎಂದೆ.

ಅವರು ಕೈ ತೊಳೆಯಲು ನೀರು ಕೇಳಿದರು.

"ಬದುಕ್ತಾನಾ?"

"ನೀನು ಎಷ್ಟನೇ ಕ್ಲಾಸಮ್ಮ?"

ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿಯನ್ನು ಕೊಟ್ಟಿಗೆಯ ಆಚೆ ಕರೆದು ಅವರು ಏನೋ ಹೇಳಿದರು. ಸೈಕಲ್ ಹತ್ತುವಾಗ ನನ್ನ ಕಡೆ ನೋಡಲೇ ಇಲ್ಲ.

"ಏನಂದ್ರು ಅಜ್ಜಿ?"

"ಚಳಿ ಕಣೇ, ಅಷ್ಟೇ. ಬೆಚ್ಚಗಿಟ್ರೆ ಸರಿಹೋಗ್ತಾನೆ." ಅವಳ ದನಿ ಎಂದಿನಂತಿರಲಿಲ್ಲ.

ನಾನು ಗೋಣಿಚೀಲ ತರಲು ಓಡಿದೆ. ತಿರುಗಿ ಬಂದಾಗ ಅಜ್ಜಿ ಕರಿಯನನ್ನು ಸೆರಗಿನಲ್ಲಿ ಸುತ್ತಿಕೊಂಡು, ಕೊಟ್ಟಿಗೆಯ ಸಗಣಿ ಮೆತ್ತಿದ ಕಾಲಲ್ಲೇ ಹುಳುಮನೆಯ ಬಾಗಿಲು ತೆಗೆಯುತ್ತಿದ್ದಳು. ಒಳಗಿನಿಂದ ಹುಳುಗಳಿಗೆಂದು ಇಟ್ಟ ಕೆಂಡದ ಕಾವು, ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು.

ನಾನು ಕಾಲು ತೊಳೆಯಲು ಬಚ್ಚಲಿನ ಕಡೆ ತಿರುಗಿದೆ.

"ಬೇಡ ಬಿಡು," ಎಂದಳು ಅಜ್ಜಿ. "ಹಂಗೇ ಬಾರಮ್ಮ. ಬೇಗ ಬಂದು ಇವನ ಪಕ್ಕ ಕೂತ್ಕೋ."

ಆಮೇಲೆ ನಾನು ಯಾರನ್ನೂ ಏನೂ ಕೇಳಲಿಲ್ಲ.