ಎರಡರಿಂದ ಒಂದಕ್ಕೆ

ಪರದೆಯ ಮೇಲೆ ಶೇಕಡಾ ನೂರು ಎಂದು ಮೂಡಿದ ಮೇಲಷ್ಟೇ ತಮ್ಮನ ಕಣ್ಣು ಬಾಣದ ಗುರುತಿನತ್ತ ಹೋಯಿತು. ಅದು ಒಂದರಿಂದ ಎರಡಕ್ಕೆ ಹೋಗಬೇಕಿತ್ತು. ಎರಡರಿಂದ ಒಂದಕ್ಕೆ ಹೋಗಿತ್ತು.

ಮತ್ತೊಮ್ಮೆ ಓದಿದ. ಅದೇ.

ಬಿಡಿಭಾಗ ತಂದು ಈ ಕಂಪ್ಯೂಟರನ್ನು ಅವನೇ ಜೋಡಿಸಿದ್ದ. ಮನೆಯಲ್ಲಿ ಅವನಿಗೆ ಮೇಸ್ತ್ರಿ ಎಂಬ ಹೆಸರು ಬಿದ್ದದ್ದು ಹಾಗೆ. ಒಳಗೆ ಅವಳಿಗಳಂಥ ಎರಡು ಡಿಸ್ಕು. ಅಕ್ಕ ಕೆಲಸ ಮಾಡುವುದು ಒಂದರಲ್ಲಿ, ಅದರ ಪಡಿಯಚ್ಚು ಎರಡರಲ್ಲಿ. ಬರೀ ಕಡತಗಳ ನಕಲಲ್ಲ. ಮೊದಲನೆಯದು ಕೈಕೊಟ್ಟರೆ ಎರಡನೆಯದರಿಂದಲೇ ಯಂತ್ರ ಎದ್ದು ಕೂರುವಂಥ ಪೂರ್ಣ ಪ್ರತಿ. ಭಾನುವಾರಕ್ಕೊಮ್ಮೆ ಪ್ರತಿ ತೆಗೆಯುವುದು ಅವನ ಪಾಲಿನ ಕೆಲಸ. "ಎರಡನೇದರಿಂದ ಶುರು ಮಾಡೋದು ಹೇಗೋ?" ಎಂದು ಅಕ್ಕ ಒಮ್ಮೆ ಕೇಳಿದಾಗ ಉಬ್ಬಿಹೋಗಿ ತೋರಿಸಿಕೊಟ್ಟಿದ್ದ.

ಅದರೊಳಗಿದ್ದದ್ದು ಅಪ್ಪನ ದನಿ.

ಅಪ್ಪ ಪದ್ಯ ಓದುವವರು. ಇಡೀ ಕಾವ್ಯ ಅವರ ನಾಲಗೆಯ ಮೇಲಿತ್ತು. ಗಂಟಲಿನ ಧ್ವನಿಪೆಟ್ಟಿಗೆ ತೆಗೆಯದೆ ವಿಧಿಯಿಲ್ಲ, ಹೆಚ್ಚೆಂದರೆ ಆರು ತಿಂಗಳು ತಳ್ಳಬಹುದು ಎಂದಿದ್ದರು ವೈದ್ಯರು. ಅಂದಿನಿಂದ ಅಪ್ಪ ದಿನಾ ಬೆಳಿಗ್ಗೆ ಮೈಕಿನ ಮುಂದೆ ಕೂತರು, ಅಕ್ಕ ಧ್ವನಿಮುದ್ರಿಸಿದಳು. ಕೊನೆಯ ಪದ್ಯ ಮುಗಿದ ಮರುದಿನ ಆಸ್ಪತ್ರೆ ಸೇರಿದರು. ಈಗ ಅವರ ಮಾತೆಲ್ಲ ಸ್ಲೇಟು, ಬಳಪ. "ಇನ್ನೆಲ್ಲಾದ್ರೂ ಒಂದು ಪ್ರತಿ ಇಡೋಣ್ವಾ?" ಎಂದು ಅಕ್ಕ ಮೊದಲ ವಾರವೇ ಕೇಳಿದ್ದಳು. "ಯಾಕೆ? ನಾನಿಲ್ವಾ?" ಎಂದಿದ್ದ ಇವನು.

ಐದು ತಿಂಗಳಿಂದ ಅವನು ಪ್ರತಿ ತೆಗೆದಿರಲಿಲ್ಲ.

ಮೊದಲ ಭಾನುವಾರ ನಿದ್ದೆ. ಎರಡನೆಯದು ಗೆಳೆಯನ ಮನೆ. "ಆಯ್ತೇನೋ?" ಎಂದರೆ "ಆಯ್ತಕ್ಕ" ಎನ್ನುವುದು ಆಮೇಲೆ ಸಲೀಸಾಯಿತು. ಅಷ್ಟರಲ್ಲಿ ಅಕ್ಕ ಕೇಳುವುದನ್ನೇ ಬಿಟ್ಟಳು. ನಂಬಿಕೆ ಎಂದುಕೊಂಡ, ಆ ನಂಬಿಕೆ ಒಳಗೊಳಗೇ ಚುಚ್ಚುತ್ತಿತ್ತು. ಅದೇ ದಿನಗಳಲ್ಲಿ, ಮೈಕು ಸರಿಯಿರಲಿಲ್ಲವೆಂದು ಅಕ್ಕ ಎರಡು ವಾರದ ಪದ್ಯಗಳನ್ನು ಅಪ್ಪನಿಂದ ಮತ್ತೆ ಓದಿಸಿದ್ದಳು. ಅಪ್ಪ ಗೊಣಗದೆ ಓದಿದ್ದರು.

ಇವತ್ತು ಊಟಕ್ಕೆ ಕೂತಾಗ ಅಪ್ಪ ಸ್ಲೇಟು ತಿರುಗಿಸಿ ತೋರಿಸಿದ್ದರು: "ನನ್ನ ದನಿ ಜೋಪಾನವಾಗಿದೆಯಲ್ಲ, ಮೇಸ್ತ್ರಿ?"

ತಲೆಯಾಡಿಸಿದ್ದ. ಅಕ್ಕ ಔಷಧಿ ತರಲು ಹೊರಟಿದ್ದೇ ಪೆನ್‌ಡ್ರೈವ್ ಸಿಕ್ಕಿಸಿ, ಅದರಿಂದಲೇ ಯಂತ್ರ ಶುರುಮಾಡಿ, ಹೇಳಿದ ಸುಳ್ಳನ್ನೆಲ್ಲ ಒಂದೇ ಏಟಿಗೆ ನಿಜ ಮಾಡಲು ಕೂತಿದ್ದ. ಆ ಅವಸರದಲ್ಲಿ ಯಾವುದನ್ನು ಮೊದಲು ಒತ್ತಿದನೋ!

ಈಗ ಎರಡರಲ್ಲಿಯೂ ಇರುವುದು ಐದು ತಿಂಗಳ ಹಿಂದಿನದು. ತೆರೆದು ನೋಡೋಣವೆಂದರೆ ಪಾಸ್‌ವರ್ಡ್ ಅಕ್ಕನದು. ಪಕ್ಕದ ಕೋಣೆಯಲ್ಲಿ ಅಪ್ಪನ ಬಳಪ ಕಿರ್ರೆನ್ನುತ್ತಿತ್ತು. ದೇವರನ್ನು ಕರೆಯೋಣವೆಂದು ಕಣ್ಣು ಮುಚ್ಚಿದ. ಕರೆಯಲೂ ನಾಚಿಕೆಯಾಗಿ ತೆರೆದ.

ಅಕ್ಕ ಬಂದಳು. ಚಪ್ಪಲಿ ಬಿಡುತ್ತಲೇ ಅವಳ ಕಣ್ಣು ಪೆನ್‌ಡ್ರೈವ್ ಮೇಲೆ ನಿಂತಿತು.

"ಅದೇನೋ ಸಿಕ್ಸಿದೀಯ?"

"ಪ್ರತಿ ತೆಗೆದೆ."

ಔಷಧಿಯ ಚೀಲ ಕೈಜಾರಿತು. "ಇವತ್ತಾ? ನಿಜವಾಗ್ಲೂ ತೆಗೆದ್ಯಾ?"

"ಹೂಂ."

"ಇಷ್ಟು ದಿನ ಇಲ್ಲದ ಬುದ್ಧಿ ಇವತ್ತೇ ಬರ್ಬೇಕಿತ್ತೇನೋ ನಿಂಗೆ!" ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಯಾವುದರಿಂದ ಯಾವುದಕ್ಕೆ?"

ತನ್ನ ಮುಖ ನೋಡಿಯೇ ಅಕ್ಕ ಕಂಡುಹಿಡಿದಳು ಎಂದುಕೊಂಡ. ಇನ್ನು ಮುಚ್ಚಿಡುವುದೇನಿದೆ?

"ಹೊಡಿ ಅಕ್ಕ, ಎಷ್ಟು ಬೇಕೋ ಅಷ್ಟು ಹೊಡಿ. ಐದು ತಿಂಗಳಿಂದ ತೆಗ್ದೇ ಇರ್ಲಿಲ್ಲ. ಇವತ್ತು ತೆಗ್ದಿದ್ದೂ ತಿರುಗಾಮುರುಗಾ ಆಯ್ತು. ಎರಡರಿಂದ ಒಂದಕ್ಕೆ."

ಅಕ್ಕ ಅವನನ್ನು ಸರಿಸಿ ಕುರ್ಚಿಯಲ್ಲಿ ಕೂತಳು. ಪೆನ್‌ಡ್ರೈವ್ ಕಿತ್ತಳು. ಯಂತ್ರ ಎದ್ದಿತು. ಪಾಸ್‌ವರ್ಡ್ ಎರಡು ಸಲ ತಪ್ಪು ಹೊಡೆದಳು. ಮೂರನೆಯ ಸಲಕ್ಕೆ ತೆರೆಯಿತು.

ಕೋಣೆ ತುಂಬ ಅಪ್ಪನ ದನಿ. ಆಸ್ಪತ್ರೆಗೆ ಹೋಗುವ ಹಿಂದಿನ ದಿನದ ಪದ್ಯ. ನಡುವೆ ಅಪ್ಪ ಕೆಮ್ಮಿದ್ದೂ ಹಾಗೇ ಇತ್ತು.

ಪಕ್ಕದ ಕೋಣೆಯಲ್ಲಿ ಬಳಪದ ಸದ್ದು ನಿಂತಿತು.

"ಇದು ಹೇಗೆ...?" ಎಂದ ತಮ್ಮ.

"ನೀನು ಬೇಡ ಅಂದಿದ್ದನ್ನ ಏನೋ ಹಾಕಕ್ಕೆ ಹೋಗಿ ಮೊದಲನೇ ಡಿಸ್ಕ್ ಕೆಡಿಸ್ದೆ ಕಣೋ. ಅದರಲ್ಲಿದ್ದಿದ್ದೆಲ್ಲ ಅಳಿಸ್ಹೋಯ್ತು. ಏಳ್ಲೇ ಇಲ್ಲ. ನೀನೇ ಹೇಳ್ಕೊಟ್ಟಿದ್ಯಲ್ಲ, ಎರಡನೇದರಿಂದ ಶುರು ಮಾಡ್ದೆ. ನೋಡಿದ್ರೆ ಎರಡು ವಾರ ಹಳೇದು! ಆವತ್ತೇ ಗೊತ್ತಾಯ್ತು ನಿನ್ನ 'ಆಯ್ತಕ್ಕ'. ಬೈಯೋಣ ಅಂದ್ರೆ ನನ್ನ ತಪ್ಪೂ ಬಾಯಿಬಿಡ್ಬೇಕಲ್ಲ. ಬಾಯಿ ಮುಚ್ಕೊಂಡು ಅಪ್ಪನ ಹತ್ರ ಮತ್ತೆ ಓದಿಸ್ದೆ. ಆವತ್ತಿಂದ ಎರಡನೇದರಲ್ಲೇ ಕೆಲಸ ಮಾಡ್ತಿದೀನಿ. ಹೇಗೂ ನೀನು ಪ್ರತಿ ತೆಗೆಯೋನಲ್ಲ ಅನ್ನೋ ಧೈರ್ಯ."

ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದಳು. ಅಪ್ಪ ಸ್ಲೇಟು ಎದೆಗೊತ್ತಿ ನಿಂತಿದ್ದರು, ತಮ್ಮದೇ ದನಿಯನ್ನು ಕೇಳುತ್ತ.

ಅಕ್ಕ ದನಿ ತಗ್ಗಿಸಿದಳು. "ಇವತ್ತು ನೀನು ಸರಿಯಾಗಿ ಮಾಡಿದ್ದಿದ್ರೆ, ಇದರಲ್ಲಿ ಒಂದು ಸಾಲೂ ಉಳೀತಿರ್ಲಿಲ್ಲ."