ದಾರಿಗೆಂದು ಕಟ್ಟಿದ ಅನ್ನ

ಮೊದಲ ಮಳೆಗೆ ನೆನೆದ ಗದ್ದೆಮಣ್ಣಿನ ವಾಸನೆ ಚಿಕ್ಕಂದಿನಲ್ಲಿ ಅಪ್ಪನ ಕಾಲುಗಳಿಂದ ಬರುತ್ತಿತ್ತು. ಈಸಾನ್ ಸೀಮೆಯ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬುವಾಲಾಯ್, ಜ್ವರ ಬಂದ ರೈತನೊಬ್ಬನ ರಕ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾದ ತಟ್ಟೆ ತೆರೆದಳು. ಮೂಸಬಾರದೆಂಬ ನಿಯಮವಿತ್ತು, ಆ ವಾಸನೆ ತಾನಾಗಿಯೇ ಬಂದಿತು. ಪ್ರೋಟೀನ್‌ಗಳನ್ನು ತೂಗಿ ಹೆಸರು ಹೇಳುವ ಯಂತ್ರ ಮಾತ್ರ, ಇದು ಮಣ್ಣಿನ ನಿರುಪದ್ರವಿ ಬ್ಯಾಕ್ಟೀರಿಯಾ ಎಂದಿತು.

"ಒಳ್ಳೇದಾಯ್ತು. ಆ ರೈತ ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗ್ಲಿ ಅಂತ ಆಗ್ಲೇ ಹೇಳಿದೀನಿ," ಎಂದರು ಫೋನಿನಲ್ಲಿ ಡಾಕ್ಟರು.

"ಕಳಿಸ್ಬೇಡಿ ಡಾಕ್ಟ್ರೇ. ತಟ್ಟೆ ಗದ್ದೆಮಣ್ಣಿನ ವಾಸನೆ ಹೊಡೀತಿದೆ. ಇದರ ಹಾಗೇ ಇರೋ ಅವಳಿ ಒಂದಿದೆ, ಕೊಲ್ಲೋದು ಅದು. ಅದು ಯಂತ್ರದ ಪಟ್ಟೀಲೇ ಇಲ್ಲ, ಅದಕ್ಕೇ ಹತ್ತಿರದ ಹೆಸರು ಹೇಳ್ತಿದೆ."

"ಯಂತ್ರಕ್ಕಿಂತ ನಿಮ್ಮ ಮೂಗಿಗೇ ಜಾಸ್ತಿ ಗೊತ್ತಾ ಅಕ್ಕ?"

"ನಮ್ಮಪ್ಪನ್ನೂ ಹೀಗೇ ಮನೆಗೆ ಕಳಿಸಿದ್ರು. ಅಮ್ಮ ದಾರಿಗೆ ಕಟ್ಟಿದ್ದ ಅನ್ನ ಬಿಚ್ಚೋ ಮುಂಚೇನೇ ಹೋಗ್ಬಿಟ್ರು."

"ಸರಿ, ತಡೀತೀನಿ. ನೀವು ಇನ್ನೊಂದ್ಸಲ ನೋಡಿ," ಎಂದರು ಡಾಕ್ಟರು. ಕೊಲ್ಲುವ ಅವಳಿ ಸಿಕ್ಕರೆ ಮಾತ್ರ ಗರಣೆಗಟ್ಟುವ ದ್ರವದ ಹನಿಗೆ ಬುವಾಲಾಯ್ ತಟ್ಟೆಯ ಬ್ಯಾಕ್ಟೀರಿಯಾ ಬೆರೆಸಿದಳು. ಗಾಜಿನ ಮೇಲೆ ಹನಿ ಒಡೆದ ಹಾಲಿನಂತಾಯಿತು. ಅವಳಿಯೇ. ರೈತನಿಗೆ ಸರಿಯಾದ ಔಷಧಿ ಶುರುವಾಯಿತು.

ವಾರ್ಡಿನ ಬಾಗಿಲಲ್ಲಿ ಅವನ ಮಗಳು ಬಾಳೆಎಲೆಯ ಪೊಟ್ಟಣ ಹಿಡಿದು ನಿಂತಿದ್ದಳು. "ಬಸ್ಸಲ್ಲಿ ಅಪ್ಪ ತಿನ್ಲಿ ಅಂತ ಕಟ್ಟಿದ್ದೆ. ಇನ್ನೂ ಬಿಸಿ ಇದೆ ಅಕ್ಕ," ಎಂದು ಮೆಲ್ಲಗೆ ಬುವಾಲಾಯ್‌ಳ ಕೈಗಿಟ್ಟಳು.